ಗಾಜಿನಕ್ಕ ಸಾಕಿದ ಮೂರು ಮರಜೇಡಗಳು

ಗಾಜು ಕೊಯ್ಯುವವರ ಕೈಯಲ್ಲಿ ಗಾಯದ ಗುರುತಿಲ್ಲದ ಬೆರಳು ಸಿಗುವುದು ಕಷ್ಟ. ಗಾಜಿನಕ್ಕನ ಹತ್ತು ಬೆರಳಲ್ಲಿ ಒಂಬತ್ತಕ್ಕೆ ಗುರುತಿದ್ದವು. ಉಳಿದದ್ದು ಎಡಗೈಯ ಕಿರುಬೆರಳು. "ಅದು ಮೈಗಳ್ಳ, ಅದಕ್ಕೇ ನೆಟ್ಟಗಿದೆ" ಎನ್ನುತ್ತಿದ್ದಳು. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದವರೇ ಹೆಚ್ಚು. ಅವಳು ಅವನ ವಜ್ರದ ಮೊನೆಯ ಕಟರನ್ನು ಕೈಗೆತ್ತಿಕೊಂಡಳು. ಮೊದಲ ವರ್ಷ ಕೊಯ್ದದ್ದಕ್ಕಿಂತ ಒಡೆದದ್ದೇ ಜಾಸ್ತಿ. ಹದಿನಾಲ್ಕನೆಯ ವರ್ಷದ ಹೊತ್ತಿಗೆ ಆ ಬೀದಿಯ ಕಿಟಕಿಗಳು, ಕನ್ನಡಿಗಳು, ಮೀನಿನ ತೊಟ್ಟಿಗಳು ಎಲ್ಲವೂ ಅವಳ ಕೈಯವೇ ಆಗಿದ್ದವು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಅತ್ತೆಗೆ ವಯಸ್ಸು ಎಪ್ಪತ್ತೊಂದು, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಒಬ್ಬರು ಆ ಅಂಗಡಿಗೆ ಹಳೆಯ ಗಿರಾಕಿ. ಅವರು ಮಾಡಿಸುತ್ತಿದ್ದ ಪೆಟ್ಟಿಗೆಗಳು ಅಗಲಕ್ಕಿಂತ ಎತ್ತರ ಜಾಸ್ತಿ ಇರುತ್ತಿದ್ದವು, ಮೇಲೊಂದು ಮುಚ್ಚಳ. ಮೀನಿಗಲ್ಲ, ಹೂವಿನ ಗಿಡಕ್ಕಲ್ಲ ಎಂದಷ್ಟೇ ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅವರು ಕುಂಟುತ್ತಾ ಬಂದು, ಅಂಥ ಮೂರು ಪೆಟ್ಟಿಗೆಗಳನ್ನು ಆಟೋದಿಂದ ಇಳಿಸಿ ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಮಂಡಿ ಆಪರೇಷನ್ ಅಮ್ಮಾ. ಮೂರು ತಿಂಗಳು ಮಗಳ ಮನೇಲಿರಬೇಕು. ಅವಳು ಇವನ್ನ ಹೊಸಿಲು ದಾಟೋಕೆ ಬಿಡಲ್ಲ. ನೀವು ನೋಡ್ಕೋಬೇಕು."

ಗಾಜಿನಕ್ಕ ಬಗ್ಗಿ ನೋಡಿದಳು. ಒಂದೊಂದರೊಳಗೂ ಅಂಗೈಯಗಲದ, ಮೈತುಂಬ ರೋಮದ ಜೇಡ. ಕಾಡಿನಲ್ಲಿ ಮರದ ಮೇಲೆ ಬದುಕುವ ಟರಂಟುಲಾ ಜೇಡಗಳು ಎಂದರು ಮೇಷ್ಟ್ರು. ಮೂರೂ ಬೇರೆ ಬೇರೆ ಜಾತಿಯವು.

"ನಾನೇ ಯಾಕೆ ಮೇಷ್ಟ್ರೇ?"

"ಗಾಜು ಕೊಯ್ಯೋ ಕೈ ನಡುಗಲ್ಲ, ಅದಕ್ಕೆ."

ಹೊಗಳಿಕೆಗೆ ಅವಳು ಸೋತಳು. ಮೇಷ್ಟ್ರು ಒಂದು ಚೀಟಿಯನ್ನೂ ಕೊಟ್ಟು ಹೋದರು. ಮೊದಲನೆಯದು ಕಪ್ಪು ಮೈ, ಎಂಟೂ ಕಾಲಿನ ತುದಿ ಗುಲಾಬಿ: ಬಲು ಸಾಧು, ಹೊಸಬರಿಗೂ ಸುಲಭ, ದಿನಾ ನೀರು ಚಿಮುಕಿಸಬೇಕು. ಎರಡನೆಯದು ಹಸಿರು ಕಂದು, ಬೆನ್ನ ಮೇಲೆ ಪಟ್ಟೆ: ವೇಗ ಜಾಸ್ತಿ. ಮೂರನೆಯದು ಬೂದಿ ಬಣ್ಣ, ಮೈಯೆಲ್ಲ ಚಿತ್ತಾರ: ವಿಷ ಜೋರು, ನುರಿತವರಿಗೆ ಮಾತ್ರ.

ಪೆಟ್ಟಿಗೆಗಳು ಹಿಂದಿನ ಕೋಣೆ ಸೇರಿದವು. ಅತ್ತೆ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಮಾಡಿದಳು, ಆದರೆ ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತು. ಮೂರನೆಯ ದಿನ ತಿರುಗಿ ಕೂತು ಹೆಸರನ್ನೂ ಇಟ್ಟಳು. ಗುಲಾಬಿ ಕಾಲಿನದು ಮದುಮಗಳು. ಪಟ್ಟೆಯದು ಓಡುಗಾಲಿ. ಚಿತ್ತಾರದ್ದಕ್ಕೆ ಹೆಸರು ಹುಡುಕಬೇಕಾಗಲಿಲ್ಲ. ಗಾಜಿನಕ್ಕ ಉದ್ದ ಚಿಮಟದಲ್ಲಿ ಮಿಡತೆ ಹಿಡಿದು ಒಳಗೆ ಬಿಟ್ಟಳೋ ಇಲ್ಲವೋ, ಅದು ಮುಂಗಾಲೆರಡನ್ನೂ ಎತ್ತಿ ಹಿಂದಕ್ಕೆ ಬಾಗಿ ನಿಂತಿತು.

"ಅಯ್ಯೋ, ಥೇಟ್ ನಮ್ಮ ಬೀಗಿತ್ತಿ ಕಣೇ! ಬಾಗಿಲು ತೆಗೆದ್ರೆ ಸಾಕು, ಜಗಳಕ್ಕೆ ನಿಲ್ತಾಳೆ."

ಅಂದಿನಿಂದ ಅದು ಬೀಗಿತ್ತಿಯೇ ಆಯಿತು.

ಮೊದಲ ತಿಂಗಳಲ್ಲಿ ಗಾಜಿನಕ್ಕ ಕಲಿತದ್ದೆಲ್ಲ ಚೀಟಿಗೆ ತಿರುಗುಮುರುಗು. ಬೀಗಿತ್ತಿಯ ಮೂಗಿನ ತುದಿಯಲ್ಲೇ ಕೋಪ, ನಿಜ. ಆದರೆ ಕೆಣಕದಿದ್ದರೆ ಮರದ ತೊಗಟೆಯ ಹಿಂದೆ ತನ್ನ ಪಾಡಿಗೆ ತಾನಿರುತ್ತಿದ್ದಳು. ವಾರಕ್ಕೊಂದು ಮಿಡತೆ, ಬಟ್ಟಲಲ್ಲಿ ನೀರು, ಅಷ್ಟು ಸಾಕು. ಉಬ್ಬಸವಿಲ್ಲ, ಉಪವಾಸವಿಲ್ಲ. ಓಡುಗಾಲಿ ಇನ್ನೂ ಗಟ್ಟಿ. ಕೊಟ್ಟದ್ದು ತಿಂದು, ತೊಗಟೆಗೆಲ್ಲ ಬಲೆ ಸುತ್ತಿ, ನೋಡನೋಡುತ್ತಿದ್ದಂತೆ ಪೊರೆ ಕಳಚಿ ದೊಡ್ಡದಾಯಿತು. ಅದರ ಕಷ್ಟವೆಂದರೆ ಕಾಲು. ಒಂದು ಮಧ್ಯಾಹ್ನ ಮುಚ್ಚಳ ಎರಡು ಬೆರಳು ಸರಿದದ್ದೇ ತಡ, ಮಿಂಚಿನಂತೆ ಹೊರಬಂದು, ಗಾಜಿನಕ್ಕನ ತೋಳು ಹತ್ತಿ, ಹೆಗಲು ದಾಟಿ, ಗೋಡೆಗೆ ಹಾರಿತು.

"ಅತ್ತೆ, ಅಲ್ಲಾಡಬೇಡಿ! ನಿಮ್ಮ ತಲೆ ಮೇಲಿದೆ!"

"ತಲೆ ಮೇಲೋ, ತಲೆಯೊಳಗೋ? ಸರಿಯಾಗಿ ಹೇಳೇ!"

"ಗೋಡೆ ಮೇಲೆ. ಒಂದು ಗೇಣು ಮೇಲೆ."

ಅತ್ತೆ ಮಂಚದ ಮೇಲೆ ನಿಧಾನವಾಗಿ ಎದ್ದು ನಿಂತಳು. ಪಕ್ಕದಲ್ಲಿದ್ದ ಮೊಸರಿನ ಗಾಜಿನ ಬಟ್ಟಲನ್ನು ಖಾಲಿ ಮಾಡಿಕೊಂಡಳು, ಅಂದರೆ ಹಾಸಿಗೆಯ ಮೇಲೇ ಸುರಿದಳು. ಬಟ್ಟಲನ್ನು ಗೋಡೆಗೆ ದಬಕ್ಕನೆ ಮುಚ್ಚಿದಳು. ಓಡುಗಾಲಿ ಒಳಗೆ. ಗಾಜಿನಕ್ಕ ರಟ್ಟು ತೂರಿಸಿ ಪೆಟ್ಟಿಗೆಗೆ ಮರಳಿಸಿದ ಮೇಲೆ ಅತ್ತೆ ಕೆಳಗೆ ಇಳಿದಳು. ಆಮೇಲೆ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿ ಕಥೆ ಹೇಳಿ ಬಂದಳು. ನಾಲ್ಕನೆಯ ಮನೆ ತಲುಪುವ ಹೊತ್ತಿಗೆ ಜೇಡ ಊಟದ ತಟ್ಟೆಯಷ್ಟಾಗಿತ್ತು.

ನಿಜವಾದ ಚಿಂತೆ ಹುಟ್ಟಿಸಿದ್ದು ಮದುಮಗಳು. ಕೈ ಮೇಲೆ ಬಿಟ್ಟುಕೊಂಡರೂ ಮೆಲ್ಲಗೆ ನಡೆಯುವ, ಯಾರ ಮೇಲೂ ಕಾಲೆತ್ತದ ಆ ಜೀವ ಮಿಡತೆ ಮುಟ್ಟುವುದನ್ನು ಬಿಟ್ಟಿತು. ಮೇಲಿನ ಮೂಲೆಯಲ್ಲಿ ಮುಚ್ಚಳಕ್ಕೆ ಅಂಟಿಕೊಂಡು ಕೂರುತ್ತಿತ್ತು. ಕಾಲುಗಳು ಒಳಕ್ಕೆ ಮಡಚಿಕೊಳ್ಳತೊಡಗಿದ್ದವು. ಗಾಜಿನಕ್ಕ ಮೇಷ್ಟ್ರಿಗೆ ಫೋನ್ ಮಾಡಿದಳು.

"ನೀರು ಚಿಮುಕಿಸ್ತಿದ್ದೀರಾ?"

"ದಿನಾ ಎರಡು ಸಲ."

ಆ ಕಡೆಯಿಂದ ನಿಟ್ಟುಸಿರು. "ಹಾಗಾದ್ರೆ ನಿಮ್ಮ ತಪ್ಪಲ್ಲಮ್ಮ. ಈ ಜಾತಿದು ನನ್ನ ಹತ್ರ ಮೂರು ಹೋದ್ವು. ಇದು ನಾಲ್ಕನೇದು. ಕಾರಣಾನೇ ಗೊತ್ತಾಗಲ್ಲ, ಸುಮ್ನೆ ಸಾಯ್ತವೆ."

ಗಾಜಿನಕ್ಕ ಫೋನಿಟ್ಟು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸುಮ್ಮನೆ ಯಾವುದೂ ಒಡೆಯುವುದಿಲ್ಲ. ಅದು ಅವಳಿಗೆ ಗಾಜು ಕಲಿಸಿದ ಮೊದಲ ಪಾಠ. ಎಲ್ಲೋ ಕಣ್ಣಿಗೆ ಕಾಣದ ಗೀರು ಇದ್ದೇ ಇರುತ್ತದೆ. ಹತ್ತು ನಿಮಿಷ ನೋಡಿದಳು. ಆಗ ಕಂಡದ್ದು ಜೇಡವಲ್ಲ, ಗಾಜು. ಒಳಮೈಯಲ್ಲಿ ಕೆಳಗಿನಿಂದ ಅರ್ಧದವರೆಗೆ ಮಂಜು ಕಟ್ಟಿತ್ತು. ಪಕ್ಕದ ಎರಡು ಪೆಟ್ಟಿಗೆಗಳಲ್ಲಿ ಇಲ್ಲ, ಅವಕ್ಕೆ ನೀರು ಚಿಮುಕಿಸುತ್ತಿರಲಿಲ್ಲ. ಸ್ನಾನದ ಮನೆಗೆ ಕಿಟಕಿ ಕೂರಿಸುವಾಗ ಗಿರಾಕಿಗಳಿಗೆ ಅವಳೇ ನೂರು ಸಲ ಹೇಳಿದ್ದಳು: ಗಾಜು ಬೆವರಿತು ಅಂದ್ರೆ ಗಾಳಿ ಆಡ್ತಿಲ್ಲ ಅಂತ ಅರ್ಥ. ಈ ಪೆಟ್ಟಿಗೆಗೆ ತೂತಿದ್ದದ್ದು ಮುಚ್ಚಳದಲ್ಲಿ ಮಾತ್ರ. ಜೇಡ ಮುಚ್ಚಳಕ್ಕೆ ಅಂಟಿಕೊಂಡದ್ದು ಸಿಟ್ಟಿನಿಂದಲ್ಲ, ಉಸಿರಿಗಾಗಿ.

"ನಾನೇ ಕಟ್ಟಿದ ಪೆಟ್ಟಿಗೆ" ಎಂದಳು ಅತ್ತೆಯ ಕಡೆ ತಿರುಗಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಲ್ಕೂ ನಾನೇ ಕಟ್ಟಿಕೊಟ್ಟದ್ದು."

"ಅಳೋದಾದ್ರೆ ಆಮೇಲೆ ಅಳು" ಎಂದಳು ಅತ್ತೆ. "ಮೊದಲು ಬೇರೆ ಕಟ್ಟು."

ಅಂದು ಬಂದ ಗಿರಾಕಿಗಳೆಲ್ಲ ಬರಿಗೈಯಲ್ಲಿ ಮರಳಿದರು. ಗಾಜಿನಕ್ಕ ಹೊಸ ಹಾಳೆ ಕೊಯ್ದು, ನೀರು ಹನಿಸುತ್ತಾ ಡ್ರಿಲ್ ಹಿಡಿದು, ಒಂದು ಬದಿಯ ಕೆಳಭಾಗದಲ್ಲಿ ಎಂಟು, ಎದುರು ಬದಿಯ ಮೇಲ್ಭಾಗದಲ್ಲಿ ಎಂಟು ತೂತು ಕೊರೆದಳು. ಒಂದು ಗಾಜು ಕೊನೆಯ ತೂತಿನಲ್ಲಿ ಪಟ್ಟೆಂದು ಸೀಳಿತು. ಮತ್ತೆ ಮೊದಲಿನಿಂದ. ತೂತುಗಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಅಂಟಿಸಿದಳು. ಅಂಟಿನ ವಾಸನೆ ಪೂರ್ತಿ ಹೋಗಲೆಂದು ಎರಡು ದಿನ ಬಿಸಿಲಿಗಿಟ್ಟಳು. ಅಲ್ಲಿಯವರೆಗೆ ಹಳೆಯ ಮುಚ್ಚಳ ತೆಗೆದು ತೆಳ್ಳನೆ ಬಟ್ಟೆ ಕಟ್ಟಿದ್ದಳು. ಅತ್ತೆ ಮೊರ ಹಿಡಿದು ಕಾವಲು ಕೂತಿದ್ದಳು. ಮೂರನೆಯ ದಿನ ಗಾಜಿನಕ್ಕ ಊದುಬತ್ತಿ ಹಚ್ಚಿ, ಖಾಲಿ ಪೆಟ್ಟಿಗೆಯ ಕೆಳತೂತಿನ ಬಳಿ ಹಿಡಿದಳು. ಹೊಗೆ ಒಳಗೆ ಸರಿದು, ಓರೆಯಾಗಿ ಏರಿ, ಮೇಲಿನ ತೂತಿನಿಂದ ಆಚೆ ಹೋಯಿತು. ಪೆಟ್ಟಿಗೆಯನ್ನು ಒರೆಸಿ, ಹೊಗೆಯ ವಾಸನೆ ಹೋದ ಮೇಲೆ, ಬಣ್ಣದ ಕುಂಚದಿಂದ ಮೆಲ್ಲಗೆ ತಟ್ಟುತ್ತಾ ಮದುಮಗಳನ್ನು ಒಳಗೆ ಕಳಿಸಿದಳು. ಚಿಮುಕಿಸುವುದು ನಿಂತಿತು. ಕುಡಿಯಲು ಒಂದು ಪುಟ್ಟ ಬಟ್ಟಲು, ಅಷ್ಟೇ.

ಆರನೆಯ ದಿನ ಮದುಮಗಳು ಮೂಲೆ ಬಿಟ್ಟು ಇಳಿಯಿತು. ಒಂಬತ್ತನೆಯ ದಿನ ಮಿಡತೆ ಹಿಡಿಯಿತು. ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ತಿಂದಳು! ನಮ್ಮ ಹುಡುಗಿ ತಿಂದಳು!"

ಅಷ್ಟಕ್ಕೇ ಮುಗಿಯಲಿಲ್ಲ. ಮೇಷ್ಟ್ರು ಆಸ್ಪತ್ರೆಗೆ ಹೋಗುವ ಮುನ್ನ ಅದಕ್ಕೆ ಗಂಡು ಜೊತೆ ಮಾಡಿಸಿದ್ದರಂತೆ. ಮದುಮಗಳು ಬಲೆಯೊಳಗೆ ಬೆಳ್ಳನೆಯ ಮೊಟ್ಟೆಚೀಲ ಕಟ್ಟಿ ತಬ್ಬಿ ಕೂತಿತು. ಎರಡು ತಿಂಗಳಿಗೆ ಮರಿಗಳು ಹೊರಬಂದವು. ಎಣಿಸಿದರೆ ತೊಂಬತ್ನಾಲ್ಕು. ಊರುಗೋಲು ಹಿಡಿದು ಮರಳಿದ ಮೇಷ್ಟ್ರು ಪೆಟ್ಟಿಗೆಗೆ ಮುಖ ಹಚ್ಚಿ ನೋಡಿದರು. "ಇನ್ನು ಇವು ಇಲ್ಲೇ ಇರಲಿ ಅಮ್ಮಾ" ಎಂದರು. "ಆದ್ರೆ ಆಸೆ ಇಟ್ಕೋಬೇಡಿ. ಈ ಮರಿಗಳಲ್ಲಿ ಅರ್ಧ ಹೋಗ್ತವೆ. ಎಲ್ಲರ ಹತ್ರಾನೂ ಹಾಗೇ." ಗಾಜಿನಕ್ಕ ತೊಂಬತ್ನಾಲ್ಕು ಪುಟ್ಟ ಡಬ್ಬಿ ತಂದು, ಒಂದೊಂದಕ್ಕೂ ಮೇಲೆ ಕೆಳಗೆ ತೂತು ಚುಚ್ಚಿದಳು.

ಜೇಡ ಸಾಕುವವರ ಸಂಘ ಗ್ರಂಥಾಲಯದ ಮಹಡಿಯ ಮೇಲೆ ತಿಂಗಳಿಗೊಮ್ಮೆ ಸೇರುತ್ತಿತ್ತು. ಮರಿಗಳಿಗೆ ಆರು ತಿಂಗಳಾದಾಗ ಮೇಷ್ಟ್ರು ಅತ್ತೆ ಸೊಸೆಯರನ್ನು ಅಲ್ಲಿಗೆ ಕರೆದೊಯ್ದರು. ಕಾರ್ಯದರ್ಶಿ ಗೋಡೆಗೆ ಒಂದು ಪಟ್ಟಿ ತೂಗುಹಾಕಿ ವಿವರಿಸುತ್ತಿದ್ದರು. ಮೊದಲ ಮೆಟ್ಟಿಲು, ಸುಲಭ: ಗುಲಾಬಿ ಕಾಲಿನದು. ಎರಡನೆಯದು ಪಟ್ಟೆಯದು. ಕೊನೆಯದು ಚಿತ್ತಾರದ್ದು.

ಗಾಜಿನಕ್ಕ ಎದ್ದು ನಿಂತಳು. "ಆ ಪಟ್ಟಿ ಸರಿಯಿಲ್ಲ ಸಾರ್."

"ನೀವು ಗಾಜಿನ ಅಂಗಡಿಯವರಲ್ವಾ? ಇದು ಗಾಜಿನ ವಿಷಯ ಅಲ್ಲಮ್ಮ."

"ಗಾಜಿನ ವಿಷಯಾನೇ ಸಾರ್." ಅವಳು ಸಭೆಯ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನಿ. ಗುಲಾಬಿ ಕಾಲಿನ ಜೇಡ ಯಾರ ಮನೇಲಿ ಸುಮ್ನೆ ಸತ್ತಿದೆ? ಕೈ ಎತ್ತಿ."

ಒಂದು ಕೈ ಎದ್ದಿತು, ಮತ್ತೊಂದು, ಆಮೇಲೆ ಸಭೆಗೆ ಸಭೆಯೇ. ಕೊನೆಗೆ ಕಾರ್ಯದರ್ಶಿಯ ಕೈಯೂ ಅರ್ಧ ಎದ್ದಿತು.

"ಚಿತ್ತಾರದ್ದು?"

ಒಂದು ಕೈಯೂ ಏಳಲಿಲ್ಲ.

"ಸ್ವಭಾವ ಬೇರೆ, ಸಾಕೋ ಕಷ್ಟ ಬೇರೆ. ನೀವು ಎರಡನ್ನೂ ಒಂದೇ ಏಣಿಗೆ ಹತ್ತಿಸಿದ್ದೀರಿ. ಸಾಧು ಪ್ರಾಣಿ ನಮಗೆ ಏನೂ ಮಾಡಲ್ಲ, ಆದ್ರೆ ನಾವು ಸ್ವಲ್ಪ ತಪ್ಪು ಮಾಡಿದ್ರೂ ತಾನೇ ಸಾಯುತ್ತೆ. ಚಿತ್ತಾರದ್ದು ನಮ್ಮ ಎಲ್ಲಾ ತಪ್ಪನ್ನೂ ತಡ್ಕೊಳ್ಳುತ್ತೆ, ಒಂದನ್ನ ಬಿಟ್ಟು. ಕೈ ಹಾಕಿದ್ರೆ ನಮ್ಮನ್ನೇ ಆಸ್ಪತ್ರೆಗೆ ಸೇರಿಸುತ್ತೆ. ಪಟ್ಟೆಯದು ಎಲ್ಲಿಟ್ರೂ ಬದುಕುತ್ತೆ, ಎಲ್ಲಿಟ್ರೂ ಓಡುತ್ತೆ."

"ನಿಮ್ಮ ಹತ್ರ ಎಷ್ಟು ಮರಿ ಉಳಿದಿವೆ?" ಹಿಂದಿನಿಂದ ಯಾರೋ ಕೇಳಿದರು.

ಇದಕ್ಕೇ ಕಾದಿದ್ದ ಅತ್ತೆ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಳು. "ತೊಂಬತ್ನಾಲ್ಕಕ್ಕೆ ಎಂಬತ್ತೊಂಬತ್ತು. ಬೇಕಾದ್ರೆ ಎಣಿಸ್ಕೊಳ್ಳಿ, ನಾನು ದಿನಾ ಎಣಿಸ್ತೀನಿ."

ಎಲ್ಲರೂ ಎದ್ದು ಬಂದರು. ಗಾಜಿನಕ್ಕ ಡಬ್ಬಿಯ ಮೇಲಿನ ಕೆಳಗಿನ ತೂತುಗಳನ್ನು ತೋರಿಸಿ, ಗಾಜು ಬೆವರಿದ ಕಥೆ ಹೇಳಿದಳು. ಡಬ್ಬಿಯೊಳಗೊಂದು ಮರಿ, ಮರಿಯ ಸುತ್ತ ಅದರದೇ ಹೊಗೆಯಂಥ ಬಲೆ. ಗಾಳಿಯ ತೂತಿನ ವಿಷಯವನ್ನು ದೂರದೂರದವರು ಮೊದಲೇ ಕಂಡುಕೊಂಡಿದ್ದಾರೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಆದರೆ ಆ ಕೋಣೆಯಲ್ಲಿ ಅದನ್ನು ಮೊದಲು ಹೇಳಿದವಳು ಅವಳೇ. ಕಾರ್ಯದರ್ಶಿ ಎಣಿಕೆ ಅರವತ್ತು ದಾಟುತ್ತಿದ್ದಂತೆ ನಿಲ್ಲಿಸಿ, ಗೋಡೆಯ ಪಟ್ಟಿಯನ್ನು ಇಳಿಸಿ, ಹಿಂಬದಿಯಲ್ಲಿ ನಡುವೆ ಒಂದು ಉದ್ದಗೆರೆ ಎಳೆದರು. ಎಡಕ್ಕೆ ಸ್ವಭಾವ, ಬಲಕ್ಕೆ ಸಾಕಣೆ. ಪೆನ್ನನ್ನು ಗಾಜಿನಕ್ಕನ ಕೈಗಿತ್ತರು. ಮೇಷ್ಟ್ರು ಊರುಗೋಲನ್ನು ನೆಲಕ್ಕೆ ಕುಟ್ಟಿ ಚಪ್ಪಾಳೆಗೆ ನಾಂದಿ ಹಾಡಿದರು.

"ಮುಂದಿನ ತಿಂಗಳು ಮಂಗಳವಾರದ ಸಭೇಲಿ ನೀವೇ ಮಾತಾಡ್ಬೇಕು" ಎಂದರು ಕಾರ್ಯದರ್ಶಿ.

"ಮಂಗಳವಾರ ಆಗಲ್ಲ ಸಾರ್, ಶಾಲೆಗೆ ಕಿಟಕಿ ಕೂರಿಸೋದಿದೆ" ಎಂದಳು ಗಾಜಿನಕ್ಕ ಬರೆಯುತ್ತಲೇ. "ಬುಧವಾರ ಇಡಿ."

ಸಭೆ ಬುಧವಾರಕ್ಕೆ ಹೋಯಿತು.