ತಲೆಕೆಳಗಾದ ಓಕ್ ಹಕ್ಕಿಗಳು

ನಾನು ಕೊಟ್ಟ ಉಡುಗೊರೆಯನ್ನು ಖಾನಾಪುರದ ಬೀಗರು ತಲೆಕೆಳಗು ಮಾಡಿ ಗೋಡೆಗೆ ಜಡಿದಿದ್ದಾರೆ. ಸುದ್ದಿ ತಂದವಳು ನನ್ನ ಸ್ವಂತ ಮಗಳು. ಹೇಳುವಾಗ ನಗುತ್ತಿದ್ದಳು. (ಅದನ್ನೂ ಗಮನಿಸಿದ್ದೇನೆ.)

ಉಡುಗೊರೆ ಎಂದರೆ ಎರಡು ಓಕ್ ಮರದ ಹಲಗೆಗಳು. ದಂಡಿನ ಕ್ಯಾಂಪಿನ ಬಂಗಲೆಯೊಂದನ್ನು ಇಂಗ್ಲಿಷ್ ಸಾಹೇಬರು ಬಿಟ್ಟುಹೋದಾಗ ನಮ್ಮ ತಂದೆ ಹರಾಜಿನಲ್ಲಿ ತಂದದ್ದು. ಒಂದರಲ್ಲಿ ಉದ್ದ ಬಾಲದ ವಿಲಾಯತಿ ಫೆಸೆಂಟ್ ಹಕ್ಕಿ, ಇನ್ನೊಂದರಲ್ಲಿ ಜೋಡಿ ಕೌಜುಗ. ಬೇಟೆಯಾಡಿ, ಕಾಲಿಗೆ ರಿಬ್ಬನ್ ಕಟ್ಟಿ, ತಲೆ ಕೆಳಗಾಗಿ ತೂಗುಹಾಕಿದ ಹಕ್ಕಿಗಳು. ಒಂದೊಂದು ಗರಿಯನ್ನೂ ಎಣಿಸುವಂಥ ಕೆತ್ತನೆ. ತಂದೆಯವರ ವಕೀಲಿ ಕೋಣೆಯಲ್ಲಿ ಬಹುಕಾಲ ಇದ್ದವು. ಕೋಣೆ ಮುಚ್ಚಿದ ಮೇಲೆ, ಬೀಗರ ಹೊಸ ಮನೆಯ ವಾಸ್ತುಶಾಂತಿಗೆ ನಾನೇ ಒಯ್ದು ಕೊಟ್ಟೆ.

ಬೀಗರದು ಕಟ್ಟಿಗೆ ಮಾರುವ ವಖಾರಿ. ಹಲಗೆಗೆ ಬೆರಳಿನಿಂದ ಬಡಿದು, "ಸಾಗವಾನಿ ಅಲ್ಲೇನ್ರೀ ಇದು?" ಎಂದಿದ್ದರು. ಕುಂದರ್ರಿ ಎನ್ನುವ ಮೊದಲೇ! ಮರೆಯಲು ಸಾಧ್ಯವೆ?

ಈಗ ಇದು ಎರಡನೆಯ ಅಪಮಾನ. ಹಲಗೆಗಳನ್ನು ಮರಳಿ ತರುವುದೆಂದೇ ನಿಶ್ಚಯಿಸಿದೆ. ಚೀಲದಲ್ಲಿ ಗೋಣಿತಟ್ಟು, ಹಗ್ಗ ತುಂಬಿಕೊಂಡು ಕಳೆದ ರವಿವಾರ ಪ್ಯಾಸೆಂಜರ್ ರೈಲು ಹತ್ತಿದೆ. ಈ ವಯಸ್ಸಿನಲ್ಲಿ ಸಿಟ್ಟನ್ನು ಖಾನಾಪುರದವರೆಗೆ ಹೊತ್ತೊಯ್ಯುವುದೂ ದಣಿವಿನ ಕೆಲಸವೇ.

ಊಟದ ಪಡಸಾಲೆಯಲ್ಲಿ ಹಲಗೆಗಳಿದ್ದವು. ಖರೇ ತಲೆಕೆಳಗು. ಹಕ್ಕಿಗಳ ಸುತ್ತ ಕೆತ್ತಿದ ಓಕ್ ಎಲೆಗಳೂ ತಲೆಕೆಳಗು.

"ಏನ್ರೀ ಬೀಗರ, ಇದು ಉಲ್ಟಾ ಐತಿ."

"ಗೊತ್ತೈತ್ರೀ," ಎಂದರು ಬೀಗರು. "ಮೊದಲ ಸೀದಾನ ಹಚ್ಚಿದ್ದೆ. ಮನ್ಯಾಗ ಒಬ್ಬರೂ ಉಣವಲ್ರು."

ಅಡಿಗೆಮನೆಯಿಂದ ಬೀಗಿತ್ತಿ ಹೊರಗೆ ಬಂದರು. "ಲಿಂಗ ಕಟ್ಟಿದವ್ರು ಸತ್ತ ಹಕ್ಕಿ ಮುಂದ ಕುಂತು ರೊಟ್ಟಿ ಹೆಂಗ ತಿನ್ನೂಣ್ರೀ ಅಣ್ಣಾರ? ಇವರು ವಖಾರ್ಯಾಗ ಒಗೀತೀನಿ ಅಂದ್ರು. ಪ್ರೀತೀಲೆ ಕೊಟ್ಟದ್ದು, ಹಂಗ ಮಾಡಬ್ಯಾಡ್ರಿ ಅಂದೆ. ನಾನ ತಿರುವಿ ಹಚ್ಚಿಸೀನಿ. ಈಗ ನೋಡ್ರಿ, ಹಾರಾಕ ಹತ್ಯಾವ."

ನೋಡಿದೆ. ನೋಡದೆ ಏನು ಮಾಡುವುದು? ಜೋತುಬಿದ್ದ ರೆಕ್ಕೆಗಳು ಮೇಲೆದ್ದಿದ್ದವು. ಕತ್ತು ಛಾವಣಿಯ ಕಡೆಗೆ ಚಾಚಿತ್ತು. ಕಾಲಿನ ರಿಬ್ಬನ್ ಗಾಳಿಪಟದ ಬಾಲದಂತೆ ಹಿಂದೆ ಹರಿದಿತ್ತು. ಸಾಹೇಬರು ಕೊಂದದ್ದನ್ನು ಬೀಗಿತ್ತಿ ಎರಡು ಮೊಳೆಗಳಲ್ಲಿ ಬದುಕಿಸಿಬಿಟ್ಟಿದ್ದರು.

ರೊಟ್ಟಿ ಬಡಿಸಿದರು. ಉಂಡೆ.

"ಆ ಚೀಲದಾಗ ಏನೈತ್ರೀ?" ಬೀಗರು ಕೇಳಿದರು.

"ಏನಿಲ್ಲ."

ಬೀಗರು ಸ್ಟೇಶನ್ನಿನವರೆಗೂ ಬಂದರು. ರೈಲು ಹೊರಡುವಾಗ ಕಿಟಕಿಗೆ ಬಾಗಿ, "ಮುಂದಿನ ಸಲ ಬರೂ ಮೊದಲ ಒಂದು ಕಾರ್ಡ ಹಾಕ್ರಿ. ನಿಮಗ ಬ್ಯಾಸರ ಆಗೂದು ಬ್ಯಾಡ. ಹಲಗಿ ಸೀದಾ ಮಾಡಿ ಇಡತೀವಿ," ಎಂದರು.

(ಇದು ಗೌರವವೋ, ಮೂರನೆಯ ಅಪಮಾನವೋ, ಇನ್ನೂ ತೀರ್ಮಾನಿಸಿಲ್ಲ.)

ಅಂಚೆ ಕಾರ್ಡು ಮೇಜಿನ ಮೇಲಿದೆ. ವಿಳಾಸ ಬರೆದಾಗಿದೆ. ನಾನು ಬರುತ್ತೇನೆಂದು ತಿಳಿಸಿದರೆ, ಆ ಹಕ್ಕಿಗಳು ಮತ್ತೊಮ್ಮೆ ಸಾಯಬೇಕಲ್ಲವೆ?