ಎದುರಾಳಿಯ ಜನರೇಟರ್

2010ರ ಬೇಸಿಗೆ. ಆಗ ನಾನು ಪೀಣ್ಯದಲ್ಲಿ ಪುಟ್ಟ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಸಣ್ಣ ವರ್ಕ್‌ಶಾಪಿನವರಿಗೆ ಸರ್ಕಾರಿ ಟೆಂಡರ್ ತುಂಬಿಕೊಡುವ ಕೆಲಸ ಮಾಡುತ್ತಿದ್ದೆ. ಟೆಂಡರ್‌ಗಳೆಲ್ಲ ಆನ್‌ಲೈನ್ ಆಗಿದ್ದ ಹೊಸತು. ಕಬ್ಬಿಣವನ್ನು ಬೇಕಾದಂತೆ ಬಗ್ಗಿಸಬಲ್ಲವರೂ ಕಂಪ್ಯೂಟರ್ ಮುಂದೆ ಕೂತರೆ ಬೆವರುತ್ತಿದ್ದರು.

ಮಂಜುಳಮ್ಮ ಅಂಥವರಲ್ಲೊಬ್ಬರು. ಗಂಡ ಹೆಂಡತಿ ಸೇರಿ ಒಂದು ಶೆಡ್ಡಿನಲ್ಲಿ ಆಸ್ಪತ್ರೆ ಮಂಚ ಮಾಡುತ್ತಿದ್ದರು. ಹನ್ನೊಂದು ವರ್ಷ ಆ ಮಂಚಗಳು ದೊಡ್ಡ ಕಂಪನಿಗಳ ಹೆಸರಿನಲ್ಲೇ ಮಾರಾಟವಾಗಿದ್ದವು. ಈಗ ಮೊದಲ ಸಲ ಸ್ವಂತ ಹೆಸರಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ಟೆಂಡರ್‌ಗೆ ಅರ್ಜಿ ಹಾಕಲು ಹೊರಟಿದ್ದರು.

ಕೊನೆಯ ದಿನ ಸಂಜೆ ನಾಲ್ಕಕ್ಕೆ ಗಡುವು. ಬರಬೇಕಿದ್ದ ಒಂದು ಪ್ರಮಾಣಪತ್ರ ಕೈಸೇರಿದಾಗಲೇ ಮೂರು ಗಂಟೆ. ಸ್ಕ್ಯಾನ್ ಮುಗಿಯುತ್ತಿದ್ದಂತೆ ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಕಾಗದಪತ್ರಗಳಿದ್ದ ಪೆನ್‌ಡ್ರೈವ್ ಹಿಡಿದು ಸೈಬರ್ ಸೆಂಟರ್‌ಗೆ ಓಡಿದೆವು. ಅಲ್ಲೂ ಕರೆಂಟ್ ಇರಲಿಲ್ಲ.

ಇಡೀ ರಸ್ತೆಯಲ್ಲಿ ಜನರೇಟರ್ ಸದ್ದು ಕೇಳುತ್ತಿದ್ದುದು ಒಂದೇ ಕಡೆ, ಚಂದ್ರಪ್ಪನವರ ಕಾರ್ಖಾನೆಯಲ್ಲಿ. ಅವರೂ ಮಂಚ ಮಾಡುವವರೇ. ಇದೇ ಟೆಂಡರ್‌ಗೆ ಅವರೂ ಅರ್ಜಿ ಹಾಕಿದ್ದರು. ಮಂಜುಳಮ್ಮ ಗೇಟಿನಲ್ಲೇ ನಿಂತುಬಿಟ್ಟರು.

"ಬ್ಯಾಡ ಮೇಡಂ, ಅವ್ರನ್ನ ಹೆಂಗ್ ಕೇಳೋದು?"

"ಇಪ್ಪತ್ತೈದು ನಿಮಿಷ ಇದೆ, ಬನ್ನಿ" ಎಂದು ನಾನು ಕೈ ಹಿಡಿದು ಎಳೆದುಕೊಂಡೇ ಹೋದೆ.

ವಿಷಯ ಹೇಳಿದಾಗ ಚಂದ್ರಪ್ಪನವರು ಕನ್ನಡಕ ತೆಗೆದು ನಮ್ಮನ್ನು ನೋಡಿದರು. "ಯಾವ ಟೆಂಡರ್?"

"ನೀವು ಹಾಕಿರೋದೇ, ಸಾರ್."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನೇ ನನ್ನತ್ತ ತಳ್ಳಿದರು. "ಕೂತ್ಕೊಳ್ಳಮ್ಮ. ನಿಮ್ಮ ರೇಟ್ ನಾನು ನೋಡಬಾರದು, ಹೊರಗಿರ್ತೀನಿ. ಬಾಗಿಲು ಹಾಕ್ಕೊಳ್ಳಿ."

ನಾನು ಅವರ ಕಂಪ್ಯೂಟರ್ ಮುಂದೆ ಕೂತೆ. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಒಂದೊಂದೇ ಕಾಗದ ನಿಧಾನವಾಗಿ ಮೇಲೇರುತ್ತಿದ್ದರೆ, ಮಂಜುಳಮ್ಮ ಹಿಂದೆ ನಿಂತು ನನ್ನ ಭುಜ ಹಿಂಡುತ್ತಿದ್ದರು. ಗಡುವಿಗೆ ನಾಲ್ಕು ನಿಮಿಷ ಇರುವಾಗ ಟೆಂಡರ್ ಸಲ್ಲಿಕೆಯಾಯಿತೆಂದು ಪರದೆಯ ಮೇಲೆ ಮೂಡಿತು. ಇಬ್ಬರೂ ಅಪ್ಪಿಕೊಂಡು ಮಕ್ಕಳಂತೆ ಕುಣಿದೆವು. ಬಾಗಿಲು ತೆರೆದರೆ, ಆ ಬಿಸಿಲಲ್ಲಿ ನಿಂತಿದ್ದ ಚಂದ್ರಪ್ಪನವರು ಕೇಳಿದ್ದು ಒಂದೇ ಮಾತು, "ಆಯ್ತಾ?"

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಮಂಜುಳಮ್ಮನಿಗೆ ಟೆಂಡರ್ ಸಿಕ್ಕಿತ್ತು. ಎರಡನೆಯವರು ಚಂದ್ರಪ್ಪ. ಸುದ್ದಿ ಕೇಳಿ ಮಂಜುಳಮ್ಮ ವೆಲ್ಡಿಂಗ್ ಕೈಗವಸು ಕೂಡ ಬಿಚ್ಚದೆ ನನ್ನ ಕೋಣೆಗೆ ಓಡಿಬಂದರು. ನಕ್ಕರು, ಅತ್ತರು, ಆಮೇಲೆ ತಟ್ಟನೆ ಕೇಳಿದರು: "ಈಗ ಅವ್ರಿಗೆ ಹೆಂಗ್ ಮುಖ ತೋರ್ಸೋದು?"

ಮೈಸೂರುಪಾಕು ತೆಗೆದುಕೊಂಡು ಅಳುಕುತ್ತಲೇ ಹೋದೆವು. ಚಂದ್ರಪ್ಪನವರು ಒಂದು ತುಂಡು ಬಾಯಿಗಿಟ್ಟುಕೊಂಡು ಹೇಳಿದರು: "ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅವತ್ತು ನಿಮ್ಮನ್ನ ವಾಪಸ್ ಕಳಿಸಿ ನಾನು ಗೆದ್ದಿದ್ರೆ, ಗೆದ್ದಿದ್ದು ನಾನಲ್ಲ, ನನ್ನ ಡೀಸೆಲ್."

ಆಮೇಲೆ ಎಷ್ಟೋ ಜನರಿಗೆ ಟೆಂಡರ್ ಕೊಡಿಸಿದ್ದೇನೆ. ಆ ದಿನದ ಸಂಭ್ರಮ ಮತ್ತೆ ಬಂದಿಲ್ಲ. ಚಂದ್ರಪ್ಪನವರ ಜಾಗದಲ್ಲಿ ನಾನಿದ್ದಿದ್ದರೆ ಎದುರಾಳಿಯನ್ನು ಒಳಗೆ ಬಿಡುತ್ತಿದ್ದೆನೇ ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ. ಹೌದು ಎಂದು ಧೈರ್ಯವಾಗಿ ಹೇಳಲು ಇನ್ನೂ ಆಗಿಲ್ಲ.