ಹುಣಸೆ ಕಟ್ಟಿಗೆಯ ದೋಣಿ

ಇಬ್ರಾಹಿಂಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ದಿನವಿಡೀ ನನ್ನ ಬಲಗೈ ಮಾಡುವ ಮಹತ್ಕಾರ್ಯವೆಂದರೆ ಹಸಿರು ಗುಂಡಿ ಒತ್ತುವುದು. ಎಡಗೈಗೆ ಅದೂ ಇಲ್ಲ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಿದ್ದರೆ ಹೆಂಡತಿ ನಾನು ಹೊರಗೆ ಹೋಗುವುದನ್ನೇ ಕಾಯುತ್ತಾಳೆ, ಆಮೇಲೆ ತಾನೇ ಹೊಡೆದುಕೊಳ್ಳುತ್ತಾಳೆ. ಇಂಥ ನಾನು ನಿಡೋಣಿಯ ಮಾವನ ಮನೆಯಲ್ಲಿ, ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ, ಹೋಳಿಗೆ ಊಟದ ಭರದಲ್ಲಿ, "ಅದರಾಗೇನೈತ್ರಿ ಮಾವಾರ, ನಿಮ್ಮ ದೋಣಿ ನಾನ ಕೆತ್ತಿ ಕೊಡ್ತೀನಿ" ಎಂದುಬಿಟ್ಟೆ.

ಮಾವ ನನ್ನ ಮುಖ ನೋಡಿ, ಆಮೇಲೆ ನನ್ನ ಕೈ ನೋಡಿ, "ನೀವು?" ಎಂದರು. ಅಷ್ಟೇ. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ. ಅವಳಿಗೆ ನನ್ನ ಸ್ವಭಾವ ಗೊತ್ತು: ನಾಲ್ಕು ಮಂದಿ ನಕ್ಕರೆ ನಾನು ಹಿಂದೆ ಸರಿಯುವವನಲ್ಲ, ಇನ್ನಷ್ಟು ಆಳಕ್ಕೆ ಇಳಿಯುವವನು.

ದೋಣಿ ಎಂದರೆ ಹೊಳೆ ದಾಟಿಸುವುದಲ್ಲ, ಮರದ ಬಟ್ಟಲು. ನನ್ನ ಮಾವ ಮೈಲಾರಲಿಂಗನ ವಗ್ಗಯ್ಯ. ಕರಿ ಕಂಬಳಿ ಹೊದ್ದು, ಹಣೆಗೆ ಅರಿಷಿಣದ ಭಂಡಾರ ಬಳಿದು, ಡಮರುಗ ಬಾರಿಸುತ್ತ ತನ್ನನ್ನು ದೇವರ ನಾಯಿ ಎಂದುಕೊಳ್ಳುವ ಭಕ್ತ. ಹರಕೆ ಹೊತ್ತ ಮನೆಯವರು ವಗ್ಗಯ್ಯಗಳನ್ನು ಕರೆಸುತ್ತಾರೆ. ಕಂಬಳಿ ಹಾಸಿ, ಅವರವರ ದೋಣಿ ಇಟ್ಟು, ಬಾಳೆಹಣ್ಣು, ಸಕ್ಕರೆ, ತುಪ್ಪ, ಹಾಲು ತುಂಬುತ್ತಾರೆ. ವಗ್ಗಯ್ಯ ಮಂಡಿಯೂರಿ, ಗುರ್ರೆನ್ನುತ್ತ, ಕೈ ಹಚ್ಚದೆ ನೇರ ಬಾಯಿ ಹಾಕಿ ಉಣ್ಣುತ್ತಾನೆ.

ಮಾವನ ದೋಣಿ ಅವರ ಅಪ್ಪನ ಕಾಲದ್ದು. ಅದು ಬುಡದ ಉದ್ದಕ್ಕೂ ಸೀಳಿ ಹೋಳಾಗಿತ್ತು. ಆಮೇಲೆ ಯಾರದೋ ಮನೆಯಲ್ಲಿ ಸ್ಟೀಲ್ ಡಬರಿ ಇಟ್ಟುಕೊಂಡು ಕೂತರಂತೆ. ಗುರ್ರೆಂದು ಬಾಯಿ ಹಾಕಿದರೆ ಡಬರಿ ಠಣ್ ಎಂದು ಕಂಬಳಿಯಾಚೆ ಜಾರಿತಂತೆ, ಮಂದಿ ಹೊಟ್ಟೆ ಹಿಡಿದು ನಕ್ಕರಂತೆ. ಅವತ್ತಿನಿಂದ ಮಾವ ಯಾವ ಮನೆಗೂ ಹೋಗಲಿಲ್ಲ. ಹೊಲಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಅಷ್ಟೇ. ಮೊದಲು ಎಲ್ಲರನ್ನೂ ಕೆಣಕಿ ನಗಿಸುತ್ತಿದ್ದ ಮನುಷ್ಯ ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಹೆಂಡತಿ ತವರಿನಿಂದ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಕೂತುಬಿಡುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಬಬಲೇಶ್ವರದಲ್ಲಿರುವ ಮಾವನ ತಂಗಿ ತನ್ನ ಮೊಮ್ಮಗನ ಜವಳ ತೆಗೆಸುವ ದಿನ ದೋಣಿ ತುಂಬಿಸುವ ಹರಕೆ ಹೊತ್ತಿದ್ದಳು. "ಯಣ್ಣಾ, ನೀ ಬಂದ್ರನ ತುಂಬಸ್ತೀನಿ. ಇಲ್ಲಾಂದ್ರ ಬ್ಯಾಡ" ಎಂದು ಹಟ ಹಿಡಿದಿದ್ದಳು. ಮಾವನದೂ ಹಟ. "ಮಶೀನಿನಾಗ ತಿರುವಿದ್ದು ನನಗ ಬ್ಯಾಡ. ಕೈಲೆ ತಗದದ್ದು ಇರಬೇಕು, ಒಂದ ತುಂಡಿನಾಗ. ಹಂಗ ಸೋರಬಾರ್ದು. ದೋಣಿ ಸೋರಿದ್ರ ಹರಕಿ ಸಲ್ಲಲಿಲ್ಲ ಅಂತಾರ ಮಂದಿ." ಈ ಮಾತಿನ ಬಾಲಕ್ಕೇ ನಾನು ಬಾಯಿ ಹಾಕಿದ್ದು.

ಟಿಕೋಟಾದಲ್ಲಿ ನನ್ನ ಶಾಲೆಯ ಗೆಳೆಯನೊಬ್ಬ ಬಡಿಗತನ ಮಾಡುತ್ತಾನೆ. ಬಡಿಗತನ ಎಂದರೆ ಪ್ಲೈವುಡ್ ಕಪಾಟು, ಅಡುಗೆಮನೆಯ ಟ್ರಾಲಿ. ಕೈಗಿಂತ ಬಾಯಿ ಜೋರು. ವಿಷಯ ಹೇಳಿದ್ದೇ ತಡ, "ದೋಣಿ ಏನ್ ಮಹಾ ಬಿಡಲೇ! ನಮ್ಮಪ್ಪ ಕಣ್ಣು ಮುಚ್ಚಿ ತಗೀತಿದ್ದ" ಎಂದ.

"ನೀನು?"

"ನಾ ಕಣ್ಣು ತಗದು ನೋಡೇನಿ" ಎಂದ. ನನಗೆ ಸಿಕ್ಕ ಗುರುವಿನ ಅನುಭವ ಇಷ್ಟು.

ಅವನು ಅಟ್ಟದಿಂದ ಅಪ್ಪನ ಗೋಣಿಚೀಲ ಇಳಿಸಿದ. ಬಾಚಿ, ಹಲವು ಉಳಿ, ತುದಿ ಬಾಗಿದ ಒಂದು ಉಳಿ, ಬಡಿಯಲು ಮರದ ಕೊಡತಿ. ಎಲ್ಲಕ್ಕೂ ತುಕ್ಕು. ಮೊದಲ ಎರಡು ಭಾನುವಾರ ನಾವು ಕಲ್ಲಿಗೆ ಉಜ್ಜಿದ್ದೇ ಉಜ್ಜಿದ್ದು. ಬಾಚಿಗೆ ಬಾಯಿ ಅಡ್ಡ. ಕೊಡಲಿಯಂತೆ ಆಚೆ ಬೀಸುವುದಲ್ಲ, ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ನಮ್ಮ ಕಡೆಗೇ ಹೊಡೆದುಕೊಳ್ಳಬೇಕು. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ, ಅವನಿಗೆ ತನ್ನ ಕಾಲ್ಬೆರಳಿನ ಮೇಲೆ ಮೋಹವಿರಲಿಲ್ಲ. ನಾನು ಮದುವೆಯಲ್ಲಿ ಕೊಟ್ಟ ಬೂಟು ಹಾಕಿಕೊಂಡು ಹೋದೆ. ದಾರಿಹೋಕರೆಲ್ಲ ನಿಂತು ನೋಡಿದರು. "ಬೂಟ ಹಾಕ್ಕೊಂಡು ಬಾಚಿ ಹೊಡ್ಯಾಂವನ್ನ ಟಿಕೋಟಾ ಇವತ್ತ ನೋಡಾಕತ್ತೈತಿ" ಎಂದು ಗೆಳೆಯ ಎಲ್ಲರಿಗೂ ಪರಿಚಯ ಮಾಡಿಸಿದ.

ಮೊದಲು ಲೋಟದಿಂದ ಶುರು ಮಾಡು ಎಂದ. ಅಂಗಡಿ ಮುಂದೆ ಬಿದ್ದಿದ್ದ ಹಸಿ ಬೇವಿನ ತುಂಡು ಎತ್ತಿಕೊಂಡೆ. ಹೊರಗೆ ಬಾಚಿಯಿಂದ ಕೆತ್ತಿ, ಒಳಗೆ ಬಾಗಿದ ಉಳಿಯಿಂದ ತೋಡಬೇಕು. ಕಟ್ಟಿಗೆಯ ನಾರೆಳೆಗೆ ಎದುರಾಗಿ ಉಳಿ ಇಟ್ಟರೆ ಚಕ್ಕೆ ಕಿತ್ತು ಬರುತ್ತದೆ; ಅಂಚಿನಿಂದ ನಡುವಿಗೆ ಇಳಿಯಬೇಕು. ಇದನ್ನು ಗೆಳೆಯ ಹೇಳಲಿಲ್ಲ. ಒಂದು ಲೋಟದ ಅಂಚೆಲ್ಲ ಹಾರಿಹೋದ ಮೇಲೆ ಇಬ್ಬರೂ ಕೂಡಿ ಕಂಡುಕೊಂಡೆವು. ಎರಡನೆಯದು ಲೋಟದ ಹಾಗೇ ಕಂಡಿತು. ಮೆರವಣಿಗೆಯಲ್ಲಿ ಮನೆಗೆ ತಂದು, ಅದರಲ್ಲೇ ಚಹಾ ಹಾಕು ಎಂದೆ. ಹೆಂಡತಿ ಒಂದು ಗುಟುಕು ಕುಡಿದು ಸಿಂಕಿಗೆ ಓಡಿದಳು. ಬೇವು ಕಹಿ ಎಂಬುದು ಯುಗಾದಿಯಲ್ಲಿ ಮಾತ್ರ ನನ್ನ ತಲೆಗೆ ಹೊಳೆಯುತ್ತದೆ ಅಂತ ಕಾಣುತ್ತದೆ. "ಸಕ್ಕರಿ ಬ್ಯಾನಿ ಇದ್ದವ್ರಿಗೆ ಕೊಡ್ರಿ, ಪುಣ್ಯ ಬರತೈತಿ" ಎಂದಳು. ಮುಂದೆ ಕೆತ್ತಿದ ಬಟ್ಟಲಿನ ಬುಡ ತೂತಾಯಿತು. ಅದರಲ್ಲಿ ಅವಳು ಕೊತ್ತಂಬರಿ ಬಿತ್ತಿದಳು. ಚೆನ್ನಾಗಿ ಬಂತು, ನೀರು ನಿಲ್ಲುವುದಿಲ್ಲವಲ್ಲ.

ಆದರೂ ಒಂದು ಭಾನುವಾರ, ಹೇಗೋ ಏನೋ, ಉಳಿ ತಾನಾಗಿ ಸರಿದಂತೆ ಸರಿದು, ಕೊಬ್ಬರಿ ಹೆರೆದಂಥ ತೆಳ್ಳನೆಯ ಸುರುಳಿ ಎದ್ದು ಬಂತು. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಜೀವನದಲ್ಲಿ ಮೊದಲ ಸಲ ಇನ್ನೊಂದರ ನಕಲಲ್ಲದ ವಸ್ತುವೊಂದು ನನ್ನ ಕೈಯಿಂದ ಹೊರಬಿದ್ದಿತ್ತು. ಬಹಳ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ದೋಣಿಗೆ ಹುಣಸೆ ಸಿಕ್ಕಿತು. ಬಿಜ್ಜರಗಿ ಕಡೆಯ ಹೊಲವೊಂದರ ಬದುವಿನಲ್ಲಿ, ದ್ರಾಕ್ಷಿ ತೋಟಕ್ಕೆ ನೆರಳು ಬೀಳುತ್ತದೆಂದು ಕಡಿದ ಗಿಡ. ಹುಣಸೆಯಷ್ಟು ಹಟಮಾರಿ ಕಟ್ಟಿಗೆ ಇನ್ನೊಂದಿಲ್ಲ. ಮಳೆಗಾಲ ಮುಗಿದು ಚಳಿ ಬಂತು, ಚಳಿ ಹೋಗಿ ಬಿಸಿಲು ಬಂತು, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾದವು. ಹಸಿರು ಗುಂಡಿ ಒತ್ತುವಾಗಲೂ ಗಿರಾಕಿಗಳಿಗೆ ಅಂಗೈ ಕಾಣುವ ಹಾಗೆ ಒತ್ತುತ್ತಿದ್ದೆ. ಕೊನೆಗೆ ದೋಣಿ ಆಯಿತು. ಒಂದು ಬದಿ ತುಸು ದಪ್ಪ, ಅಂಚು ತುಸು ವಾರೆ, ಆದರೆ ಒಂದೇ ತುಂಡು, ಕೈಯದೇ ಕೆಲಸ.

"ಹಸಿ ಗೋಣಿಚೀಲದಾಗ ಸುತ್ತಿ ನೆರಳಾಗ ಇಡಲೇ. ನಿಧಾನ ಆರ್ಲಿ" ಎಂದಿದ್ದ ಗೆಳೆಯ. ಗೋಣಿಚೀಲದಲ್ಲಿ ಸುತ್ತಿಟ್ಟರೆ ನೋಡುವವರು ಯಾರು? ನಾನು ಅದನ್ನು ಅಂಗಡಿಗೆ ತಂದು, ಎಲ್ಲರ ಕಣ್ಣಿಗೆ ಬೀಳಲೆಂದು ಝೆರಾಕ್ಸ್ ಮಶೀನಿನ ನೆತ್ತಿಯ ಮೇಲೆ ಕೂರಿಸಿದೆ. ಆಧಾರ್ ಕಾರ್ಡಿನ ನಕಲಿಗೆ ಬಂದವರಿಗೂ ದೋಣಿಯ ಕತೆ ಪೂರ್ತಿ ಹೇಳಿದೆ. ಹಗಲೆಲ್ಲ ಓಡಿದ ಮಶೀನು ಒಲೆಯಂತೆ ಕಾದಿರುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಚಳಿಗಾಲದಲ್ಲಿ ಅದರ ಮೇಲೆ ಕೈ ಕಾಯಿಸಿಕೊಳ್ಳುವವನು ನಾನೇ. ಸಂಜೆ ಟಿಕ್ ಎಂದು ಸದ್ದಾಯಿತು. ಕಾಗದ ಸಿಕ್ಕಿಕೊಂಡಿತೆಂದು ಮಶೀನಿನ ಬಾಗಿಲು ತೆರೆದು ಹುಡುಕಿದೆ. ಸಿಕ್ಕಿಕೊಂಡಿದ್ದು ನಾನು. ದೋಣಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಹರಕೆಗೆ ವಾರವೂ ಉಳಿದಿರಲಿಲ್ಲ. ಟಿಕೋಟಾಕ್ಕೆ ಓಡಿದೆ. ಗೆಳೆಯ ಬಿರುಕಿಗೆ ಜೇನುಮೇಣ ತುಂಬಿ ತಿಕ್ಕಿ, "ಇನ್ನ ಹೊಳಿ ತುಂಬಿದ್ರೂ ಸೋರೂದಿಲ್ಲ" ಎಂದು ಆಣೆ ಇಟ್ಟ. ನೀರು ತುಂಬಿ ಹಗಲೆಲ್ಲ ಇಟ್ಟೆ, ಹನಿ ಬೀಳಲಿಲ್ಲ. "ಏನ ಆಗ್ಲಿ, ಅಪ್ಪಗ ಒಂದ ಮಾತ ಹೇಳ್ರಿ" ಎಂದಳು ಹೆಂಡತಿ. ಹೇಳುವುದೆಂದೇ ನಿಡೋಣಿಗೆ ಹೋದೆ. ಮಾವ ದೋಣಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದರು. ಒಳಗೆ ಹೆಬ್ಬೆರಳು ಆಡಿಸಿದರು, ಉಳಿ ಜಾರಿದ ಗುರುತಿನ ಮೇಲೆ ಬೆರಳು ನಿಲ್ಲಿಸಿದರು. "ಕೈಲೆ ತಗದದ್ದು" ಎಂದರು. ಆಮೇಲೆ ಅತ್ತೆಯನ್ನು ಕೂಗಿ, "ಏ ಇಕಿನ, ನನ್ನ ಕಂಬಳಿ ತಗಿ" ಎಂದರು. ಎಷ್ಟೋ ದಿನಕ್ಕೆ ಅವರ ದನಿ ಓಣಿಯ ತನಕ ಕೇಳಿತು. ನನ್ನ ಬಾಯಿ, ಬೇಡದ ಕಡೆಯಲ್ಲೆಲ್ಲ ತೆರೆಯುವ ಬಾಯಿ, ಅಲ್ಲಿ ತೆರೆಯಲಿಲ್ಲ.

ಬಬಲೇಶ್ವರದ ಅಂಗಳದಲ್ಲಿ ಮಂದಿ ಕಿಕ್ಕಿರಿದಿದ್ದರು. ಕಂಬಳಿ ಹಾಸಿತ್ತು. ಬೇರೆ ವಗ್ಗಯ್ಯಗಳ ಹಳೆಯ ಕಪ್ಪು ದೋಣಿಗಳ ನಡುವೆ ನನ್ನ ಹೊಸ ದೋಣಿ ವಾರೆಯಾಗಿ ಕೂತಿತ್ತು. ಬಾಳೆಹಣ್ಣು ಹಾಕಿದರು, ಸಕ್ಕರೆ ಹಾಕಿದರು. ಮಾವನ ತಂಗಿ ಒಲೆಯಿಂದ ಇಳಿಸಿದ ತುಪ್ಪದ ಪಾತ್ರೆ ಹಿಡಿದು ಬಂದಳು. ತುಪ್ಪದ ಮೇಲೆ ಹೊಗೆ ಆಡುತ್ತಿತ್ತು. ನಾನು ತಣ್ಣೀರಿನಲ್ಲಿ ಪರೀಕ್ಷೆ ಮಾಡಿದ್ದು, ಮೇಣ ಬಿಸಿಗೆ ಕರಗುವುದು, ಎರಡೂ ಒಟ್ಟಿಗೇ ಹೊಳೆದವು.

"ಆರಿಸಿ ಹಾಕ್ರಿ, ಆರಿಸಿ!" ಎಂದು ಎದ್ದು ನಿಂತೆ.

"ದೇವರ ಕೆಲಸದಾಗ ನಡು ಬಾಯಿ ಹಾಕಬ್ಯಾಡ್ರಿ ಅಳಿಯಂದ್ರ. ಕುಂಡ್ರಿ" ಎಂದು ಯಾರೋ ಹಿರಿಯರು ನನ್ನ ಅಂಗಿ ಹಿಡಿದು ಕೂರಿಸಿದರು. ತುಪ್ಪ ಬಿತ್ತು. ಅದರ ಮೇಲೆ ಬೆಚ್ಚನೆಯ ಹಾಲು, ಅಂಚಿನ ತನಕ.

ಮಾವ ಉಣ್ಣುವುದು ಎಂದರೆ ಒಂದು ಆಟ ಎಂದು ಎಲ್ಲರೂ ಹೇಳುತ್ತಿದ್ದರು. ಸುತ್ತ ಹರಿದಾಡಿ, ಪಕ್ಕದವರ ದೋಣಿಗೆ ಮೂತಿ ಹಾಕಿ, ಮಕ್ಕಳ ಮೇಲೆ ಗುರ್ರೆಂದು, ನಾಲ್ಕು ಸಲ ನೆಕ್ಕಿ ಮತ್ತೆ ತಿರುಗುವುದು. ಹಾಗೇ ಶುರು ಮಾಡಿದರು. ಮಂದಿ ನಕ್ಕರು; ಈ ಸಲ ಮಾವ ತಾವೇ ಬಯಸಿದ ನಗೆ. ಆಮೇಲೆ ಮಂಡಿಯೂರಿ ದೋಣಿಗೆ ಬಗ್ಗಿದರು. ಬಗ್ಗಿದವರ ಕಣ್ಣು ಕಂಬಳಿಯ ಮಟ್ಟಕ್ಕೆ ಇರುತ್ತದೆ. ದೋಣಿಯ ಬುಡದಲ್ಲಿ ತುಪ್ಪ ಜಿನುಗಿ ಕಂಬಳಿ ಮಿನುಗುತ್ತಿತ್ತು. ಗುರುಗುಟ್ಟುವುದು ನಿಂತಿತು. ಮಾವ ತಲೆ ಎತ್ತಿ, ಅಷ್ಟು ಮಂದಿಯಲ್ಲಿ ನನ್ನನ್ನು ಹುಡುಕಿ ನೋಡಿದರು. ನಾನು ಸತ್ತೆ ಎಂದುಕೊಂಡೆ.

ಅವರು ದೋಣಿಗೆ ಬಾಯಿ ಹಾಕಿದರು. ಮತ್ತೆ ಎತ್ತಲೇ ಇಲ್ಲ. ಹಾಲು, ತುಪ್ಪ, ಹಣ್ಣು, ಒಂದೇ ಸಮ ಹೀರಿದರು. ಕತ್ತಿನ ನರ ಉಬ್ಬಿತು, ಮೀಸೆ ಮೂಗು ಎಲ್ಲ ಮುಳುಗಿತು, ಉಸಿರಿಗೂ ತಲೆ ಎತ್ತಲಿಲ್ಲ. ಪಕ್ಕದ ವಗ್ಗಯ್ಯಗಳು ತಮ್ಮದನ್ನು ಬಿಟ್ಟು ನೋಡತೊಡಗಿದರು. "ದೇವರು ಮೈಯಾಗ ಬಂದಾನ!" ಎಂದು ಯಾರೋ ಕೂಗಿದರು. ಭಂಡಾರ ಹಾರಿತು, ಡಮರುಗ ಜೋರಾಯಿತು, ಮಾವನ ತಂಗಿ ಕಣ್ಣೊರೆಸಿಕೊಳ್ಳುತ್ತ ಕೈ ಮುಗಿದಳು. ಬುಡದ ಸಕ್ಕರೆಯನ್ನೂ ನೆಕ್ಕಿ ಮುಗಿಸಿ, ಮಾವ ಬರಿದಾದ ದೋಣಿಯನ್ನು ಹಲ್ಲಿನಿಂದ ಕಚ್ಚಿ ಒದ್ದೆ ಜಾಗದ ಮೇಲೆ ಬೋರಲು ಹಾಕಿ, ಎದ್ದು ನಿಂತು ಏಳುಕೋಟಿ ಎಂದು ಮೈಲಾರಲಿಂಗನ ಜಯಕಾರ ಕೂಗಿದರು. ಒಂದು ಹನಿಯೂ ಯಾರ ಕಣ್ಣಿಗೂ ಬೀಳಲಿಲ್ಲ.

ಊಟದ ಹೊತ್ತಿಗೆ ಮಾವ ಕಾಣಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಗೋಡೆಗೆ ಒರಗಿ, ಕಾಲು ಚಾಚಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದರು. ಮೀಸೆಯಲ್ಲಿ ಇನ್ನೂ ತುಪ್ಪವಿತ್ತು. ನಾನು ಮಶೀನು, ಬಿರುಕು, ಮೇಣ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು. ದೊಡ್ಡದಾಗಿ ತೇಗಿ, ಕಣ್ಣು ಮುಚ್ಚಿಯೇ ಹೇಳಿದರು:

"ಮುಂದಿನ ಸಲ ಒಂದೀಟ ಸಣ್ಣದು ತಗೀರಿ, ಅಳಿಯಂದ್ರ."

ನಾನು ನಗಬೇಕಿತ್ತು. ಆದರೆ ಅವರು ಮುಂದಿನ ಸಲ ಎಂದಿದ್ದರು. ಅವರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು, ಅತ್ತೆ ಸೋಡಾ ತರುವ ತನಕ ಅವರ ಬೆನ್ನು ನೀವಿದೆ.